ಚಿಲ್ಲರೆ ಬಾಕಿ

ಬೆಳಿಗ್ಗೆ ಐದಕ್ಕೆ ಮಂಗಳಾ ಸ್ಟೇಡಿಯಮ್ಮಿನ ಗೇಟಿನ ಹತ್ತಿರ
ಹನ್ನೊಂದು ಜನ. ಹಲ್ಲಿನ ಡಾಕ್ಟರು, ಸೊಸೈಟಿಯ ಮ್ಯಾನೇಜರು,
ಬಂದರಿನ ಐಸ್ ಪ್ಲಾಂಟಿನ ಹಸನಬ್ಬ,
ಡ್ರಿಲ್ ಟೀಚರು ಫ್ಲೇವಿಯಾ ಬಾಯಿ, ಕೊರಳಲ್ಲಿ ಸೀಟಿ.
ಸೀಟಿ ನನ್ನ ಹತ್ತಿರವೂ ಉಂಟು,
ಆದಿತ್ಯವಾರ ಮಾತ್ರ ಅದು ಖಾಕಿ ಅಂಗಿಯ ಕಿಸೆಯೊಳಗೆ
ಮನೆಯ ಮೊಳೆಯಲ್ಲಿ ನೇತಾಡುತ್ತದೆ.

ಎಂತ ಕೆಲಸ ನಿಮ್ಮದು, ಕೇಳಿದರು ಮೊದಲ ದಿನ.
ಓಡುವುದೇ ಕೆಲಸ ಎಂದೆ. ನಕ್ಕರು.
ಸುಳ್ಳಲ್ಲ ಮಾರಾಯ್ರೆ. ಇಪ್ಪತ್ತೆರಡು ವರ್ಷ
'ಮಂದಾರ' ಬಸ್ಸಿನ ಹಿಂದಿನ ಬಾಗಿಲಲ್ಲಿ
ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಗಾಳಿಯ ಮೇಲೆ.
ಇಳಿದು, ಮೀನಿನ ಬುಟ್ಟಿ ಇಳಿಸಿಕೊಟ್ಟು,
ರೈಟ್ ಪೋಯಿ ಎಂದು ಕೂಗಿ
ಹೊರಟೇ ಹೋದ ಬಸ್ಸಿನ ಹಿಂದೆ ಹತ್ತು ಹೆಜ್ಜೆ.
ದಿನಕ್ಕೆ ಇನ್ನೂರು ಸಲ.
ಯಾವ ವಾಚೂ ಅದನ್ನು ಬರೆದಿಟ್ಟಿಲ್ಲ.

ಅವರಿಗೆ ಕಿಲೋಮೀಟರು. ನನಗೆ ಸ್ಟೇಜು.
ಲೇಡಿಹಿಲ್, ಚಿಲಿಂಬಿ, ಉರ್ವಸ್ಟೋರ್, ಕೊಟ್ಟಾರಚೌಕಿ.
ಹದಿನೈದು ರೂಪಾಯಿಯ ದಮ್ಮು ಇಲ್ಲಿಗೆ ಮುಗಿಯಿತು
ಎಂದರೆ ಹಸನಬ್ಬನಿಗೆ ಮಾತ್ರ ಗೊತ್ತಾಗುತ್ತದೆ.
ಚಿಲ್ಲರೆ ಏನಾದರೂ ಉಳಿದಿದೆಯಾ, ಎನ್ನುತ್ತಾನೆ
ಎರಡು ಏದುಸಿರಿನ ನಡುವೆ.

ಬುಧವಾರ ಕದ್ರಿ ಏರು, ಎಂಟು ಸಲ.
ನನಗೆ ಡ್ಯೂಟಿ. ಅದಕ್ಕೆ ರಾತ್ರಿ ಹತ್ತಕ್ಕೆ
ಕಲೆಕ್ಷನ್ ಒಪ್ಪಿಸಿ ಒಬ್ಬನೇ ಹತ್ತುತ್ತೇನೆ.
ಅಂಗಡಿಯವರು ಶಟರ್ ಎಳೆಯುತ್ತ ನೋಡುತ್ತಾರೆ,
ಎಂತ ಕದ್ದ ಇವನು, ಹಿಂದೆ ಯಾರೂ ಇಲ್ಲವಲ್ಲ.
ಐದನೆಯ ಸಲಕ್ಕೆ ಒಂದು ಕಂದು ನಾಯಿ ಜೊತೆಯಾಗುತ್ತದೆ.
ಆರಕ್ಕೆ ಅದೂ ನಿಲ್ಲುತ್ತದೆ.

ನವೆಂಬರಿನಲ್ಲಿ ಓಟ. ಇಪ್ಪತ್ತೊಂದು ಕಿಲೋಮೀಟರು.
ಎದೆಗೆ ನಂಬರು, ನಾಲ್ಕು ಪಿನ್ನು.
ಎಲ್ಲಿಗೆ ಹೋಗುವುದೆಂದು ಬೋರ್ಡಿನಲ್ಲಿ ಬರೆದಿಲ್ಲ.
ಎರಡು ಗಂಟೆಯ ಒಳಗೆ, ಎಂದಿದ್ದರು ಫ್ಲೇವಿಯಾ ಬಾಯಿ,
ಮೊದಲೇ ಎಲ್ಲ ಖರ್ಚು ಮಾಡಬೇಡಿ.
ಕೂಳೂರು ಸೇತುವೆಯ ಕೆಳಗೆ
ಸೊಂಟಮಟ್ಟ ನೀರಲ್ಲಿ ಮರುವಾಯಿ ಹೆಕ್ಕುವವರು
ತಲೆಯೆತ್ತಿ ನೋಡಲಿಲ್ಲ.
ಪಣಂಬೂರಿನಲ್ಲಿ ಗೊಬ್ಬರದ ವಾಸನೆ ಮೂಗಿಗೆ,
ಹಸನಬ್ಬನ ಮೀನಖಂಡ ಕಲ್ಲಾಯಿತು.
ರಸ್ತೆ ಬದಿ ಕೂತು ಕಾಲು ತಿಕ್ಕುತ್ತ
ಅವನೇ ಕೂಗಿದ, ನನ್ನದೇ ದನಿಯಲ್ಲಿ:
ರೈಟ್ ಪೋಯಿ!
ನಿಲ್ಲಬೇಕಿತ್ತೋ ಏನೋ. ಹೋದೆ.

ಹಿಂದೆ ಬರುವಾಗ ಲೇಡಿಹಿಲ್ಲಿನಲ್ಲಿ
ಪೊಲೀಸರು ಕೈ ಅಡ್ಡ ಹಿಡಿದಿದ್ದರು,
ನಾಲ್ಕು ಬಸ್ಸು ಸಾಲಾಗಿ.
ಎರಡನೆಯದು ಮಂದಾರ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ಅದು ನಿಂತಿತ್ತು, ನಾನು ಹೋಗುತ್ತಿದ್ದೆ.
ಡ್ರೈವರ್ ಲೋಕಯಣ್ಣ ಟೈಮು ತಪ್ಪಿದ ಸಿಟ್ಟಲ್ಲಿ
ಹಾರ್ನ್ ಮೇಲಿಟ್ಟ ಕೈ
ನನ್ನನ್ನು ಕಂಡು ತೆಗೆದ, ಮತ್ತೆ ಒತ್ತಿದ,
ಈ ಸಲ ಮದುವೆ ದಿಬ್ಬಣದ ಹಾಗೆ.
ಕಿಟಕಿಗಳಿಂದ ತಲೆಗಳು. ನಮ್ಮ ಕಂಡಕ್ಟರು!
ಬಲಿಪುಲೆ, ಬಲಿಪುಲೆ!
ನಾಲ್ಕನೆಯ ಕಿಟಕಿಯಿಂದ ಬೀಡಿ ಡಿಪೋದ ಕಲ್ಯಾಣಿಯಕ್ಕ:
ಶುಕ್ರವಾರದ ನನ್ನ ಐದು ರೂಪಾಯಿ!

ಕೈಯೆತ್ತಿದೆ. ಕೊಡುತ್ತೇನೆ ಎಂದೋ,
ನೀರು ಎಂದೋ, ನನಗೇ ತಿಳಿಯದು.
ಬೆನ್ನ ಹಿಂದೆ ಇಡೀ ಬಸ್ಸು ನಗುತ್ತಿತ್ತು
ಮತ್ತು ಕಾಲುಗಳಿಗೆ ಯಾರೋ ಹೊಸ ಟಿಕೇಟು ಹರಿದು ಕೊಟ್ಟಿದ್ದರು.

ಎರಡು ಗಂಟೆ, ನಲವತ್ತು ಸೆಕೆಂಡು.
ಸ್ಟೇಟ್‌ಬ್ಯಾಂಕಿನಲ್ಲಾದರೆ ಹಿಂದಿನ ಬಸ್ಸಿನವರು
ಕಾಲರ್ ಹಿಡಿಯುವಷ್ಟು ತಡ.
ಫ್ಲೇವಿಯಾ ಬಾಯಿ ಬೈಯಲಿಲ್ಲ. ಬನ್ಸು ಕೊಟ್ಟರು.
ಹಸನಬ್ಬ ಆಂಬುಲೆನ್ಸಿನಲ್ಲಿ ಬಂದಿಳಿದು
ಡ್ರೈವರನಿಗೆ ಟಿಕೇಟು ಎಷ್ಟು ಎಂದು ಕೇಳುತ್ತಿದ್ದ.

ಸೋಮವಾರ, ಮೊದಲ ಟ್ರಿಪ್ಪು.
ಮೆಟ್ಟಿಲು ಹತ್ತಲಿಕ್ಕೆ ಕಂಬಿ ಹಿಡಿದುಕೊಳ್ಳಬೇಕಾಯಿತು.
ಐದರ ನಾಣ್ಯ ಅವಳ ಅಂಗೈಯಲ್ಲಿಟ್ಟೆ.
ಕಲ್ಯಾಣಿಯಕ್ಕ ನನ್ನ ಕಾಲು ನೋಡಿದಳು,
ನಾಣ್ಯ ನೋಡಿದಳು.
ನಿನ್ನೆ ಇದನ್ನು ಕೊಡಲಿಕ್ಕಾಗದೆಯೇ, ಕೇಳಿದಳು,
ಹಾಗೆ ಓಡಿದ್ದು?